ರಾಫ್ಟಿಗೂ ಬಗ್ಗಿಗೂ ಗಂಟು ಹಾಕಿದವರು ಯಾರು?

ನಮ್ಮ ಸಂಘದ ಕಾರ್ಯಕಾರಿ ಸಮಿತಿಯ ಮೇಲೆ ನನಗೆ ಗೌರವವಿದೆ. ಅದರಲ್ಲಿರುವ ಹೆಚ್ಚಿನವರು ನನ್ನ ಕಣ್ಣೆದುರಿಗೇ ಬೆಳೆದವರು. ಕಚೇರಿ ಕಾರ್ಖಾನೆಗಳ ದುಡಿಮೆ ಮುಗಿಸಿ, ಉಳಿದ ಒಂದೆರಡು ಗಂಟೆಗಳನ್ನು ಕನ್ನಡದ ಕೆಲಸಕ್ಕೆ ಕೊಡುವವರು. ಆದುದರಿಂದ ಮುಂದಿನ ಮಾತುಗಳನ್ನು ಯಾರೂ ವೈಯಕ್ತಿಕವಾಗಿ ತೆಗೆದುಕೊಳ್ಳಬಾರದೆಂದು ಮೊದಲೇ ಪ್ರಾರ್ಥಿಸುತ್ತೇನೆ. ಈ ವರ್ಷ ‘ತಾಯ್ನಾಡ ದರ್ಶನ’ವೆಂಬ ಹೆಸರಿನಲ್ಲಿ ಸಮಿತಿಯು ನಮ್ಮನ್ನು ಕರೆದೊಯ್ದ ಪ್ರವಾಸವನ್ನೂ, ಅದನ್ನೇ ಪ್ರತಿವರ್ಷ ನಡೆಸಬೇಕೆಂದು ಬರಲಿರುವ ಮಹಾಸಭೆಯ ಮುಂದೆ ಇಡಲಿರುವ ಠರಾವನ್ನೂ ನಾನು ವಿರೋಧಿಸುತ್ತೇನೆ. “ವಿರೋಧವಿದ್ದರೆ ಬರೆದು ಕೊಡಿ” ಎಂದು ಕಾರ್ಯದರ್ಶಿಯವರೇ ಹೇಳಿದರು. ಬರೆದು ಕೊಡುತ್ತಿದ್ದೇನೆ.

ಸುತ್ತೋಲೆಯಲ್ಲಿದ್ದದ್ದು ಇಷ್ಟು: ಶುಕ್ರವಾರ ರಾತ್ರಿ ಪುಣೆಯಿಂದ ರೈಲು, ಶನಿವಾರ ಬೆಳಿಗ್ಗೆ ಲೋಂಡಾ, ಅಲ್ಲಿಂದ ಬಸ್ಸಿನಲ್ಲಿ ಗಣೇಶಗುಡಿ, ಬೆಳಿಗ್ಗೆ ಕಾಳಿ ನದಿಯಲ್ಲಿ ರಾಫ್ಟಿಂಗ್, ಆಮೇಲೆ ಊಟ, ಮಧ್ಯಾಹ್ನ ಕಾಡಿನಂಚಿನಲ್ಲಿ ಬಗ್ಗಿ ಸವಾರಿ, ಸಂಜೆ ಚಹಾ, ರಾತ್ರಿ ಮರಳಿ ರೈಲು. ಎರಡು ಸಾಹಸಕ್ಕೂ ಕೂಡಿ ಒಂದೇ ಶುಲ್ಕ. ಬಿಡಿಬಿಡಿಯಾಗಿ ಕೊಂಡರೆ ದುಬಾರಿ. ಬಗ್ಗಿ ಎಂದರೆ ನನ್ನ ತಲೆಮಾರಿನವರಿಗೆ ಮದುವೆಯ ಮೆರವಣಿಗೆಯ ಕುದುರೆಗಾಡಿ. ಸುತ್ತೋಲೆಯನ್ನು ಮೊದಲ ಸಲ ಓದಿದಾಗ ಜೋಯಿಡಾದ ಕಾಡಿಗೆ ಕುದುರೆಯನ್ನು ಎಲ್ಲಿಂದ ತರುತ್ತಾರೆಂದು ಸೋಜಿಗಪಟ್ಟೆ. ಮಗಳು ಮೊಬೈಲಿನಲ್ಲಿ ಚಿತ್ರ ತೋರಿಸಿದ ಮೇಲೆ ತಿಳಿಯಿತು: ಕಬ್ಬಿಣದ ಪಂಜರ, ಉಬ್ಬಿದ ನಾಲ್ಕು ಗಾಲಿ, ಒಳಗೆ ಇಬ್ಬರು ಕೂರುವಷ್ಟು ಜಾಗ, ರಸ್ತೆಯಿಲ್ಲದಲ್ಲಿ ಓಡಿಸಲೆಂದೇ ಮಾಡಿದ ಯಂತ್ರ.

ಸಮಿತಿಯ ವಾದ ಸುಳ್ಳಲ್ಲ. ಕಳೆದ ವರ್ಷ ವಚನ ಸಾಹಿತ್ಯದ ಉಪನ್ಯಾಸಕ್ಕೆ ಬಂದವರು, ಭಾಷಣಕಾರರನ್ನೂ ಚಹಾ ತಂದವನನ್ನೂ ಹಿಡಿದು, 31 ಜನ. ಈ ಪ್ರವಾಸಕ್ಕೆ ಎರಡು ಬಸ್ಸು ತುಂಬಿ 80 ಜನರಾದರು. ಅವರಲ್ಲಿ ಅರ್ಧದಷ್ಟು ಮಂದಿ ಮೂವತ್ತರೊಳಗಿನವರು. ಈ ಲೆಕ್ಕದ ಎದುರು ನನ್ನಂಥವರು ತಲೆ ತಗ್ಗಿಸಲೇಬೇಕು. ಬೇಲೂರು ಹಳೇಬೀಡು ಎಂದರೆ ಹುಡುಗರು ಆಕಳಿಸುತ್ತಾರೆ. ಹಂಪಿಗೆ ಅವರು ತಾವೇ ಗೆಳೆಯರೊಡನೆ ಹೋಗಿಬಂದಿರುತ್ತಾರೆ. ಸಂಘದ ಹೊಸ್ತಿಲು ತುಳಿಯದ ಎಳೆಯರನ್ನು ಕರೆತರಲು ರಾಫ್ಟಿಂಗ್ ಒಂದು ನೆಪವಾದರೆ ಆಗಲಿ ಎಂದು ನಾನೂ ಹಣ ಕಟ್ಟಿದೆ. ಅರವತ್ತೆರಡರ ಈ ವಯಸ್ಸಿನಲ್ಲಿ ಹುಟ್ಟು ಹಿಡಿದು ಕುಳಿತೆ ಕೂಡ. ಹಾಗಾಗಿ ದಡದಲ್ಲಿ ನಿಂತು ಗೊಣಗಿದವನ ಮಾತಿದು ಎಂದು ಯಾರೂ ತಳ್ಳಿಹಾಕಲಾರರು.

ಗಣೇಶಗುಡಿಗೆ ನಾವು ಮುಟ್ಟಿದಾಗ ಎಂಟೂವರೆ. ಹೆಲ್ಮೆಟ್ಟು, ಲೈಫ್ ಜಾಕೆಟ್ಟು ಹಾಕಿ, ಹುಟ್ಟು ಹಿಡಿಯುವುದು ಹೇಗೆ, ಬಿದ್ದರೆ ಕಾಲು ಮುಂದೆ ಮಾಡಿ ಅಂಗಾತ ತೇಲುವುದು ಹೇಗೆ ಎಂದೆಲ್ಲ ಕಲಿಸಿ ನಮ್ಮನ್ನು ದಂಡೆಯಲ್ಲಿ ಕೂರಿಸಿದರು. ಎದುರಿಗೆ ನದಿಯೇ ಇರಲಿಲ್ಲ. ಬಂಡೆಗಳಿದ್ದವು, ಬಂಡೆಗಳ ನಡುವೆ ನಿಂತ ನೀರಿತ್ತು. “ನೀರು ಇನ್ನೂ ಬಿಟ್ಟಿಲ್ಲ ಸರ್, ಫೋನ್ ಬಂದ ಮೇಲೇ ಇಳಿಯೋದು” ಎಂದ ನಮ್ಮ ರಾಫ್ಟಿನ ಚುಕ್ಕಾಣಿಯ ಹುಡುಗ. ಹತ್ತೂವರೆಗೆ ಫೋನ್ ಬಂತು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಒಂದು ಸದ್ದು ಇಳಿದು ಬಂತು. ನೋಡನೋಡುತ್ತ ಬಂಡೆಗಳು ಒಂದೊಂದಾಗಿ ಮುಳುಗಿದವು, ನದಿ ಹುಟ್ಟಿತು. ಮಕ್ಕಳು ಚಪ್ಪಾಳೆ ತಟ್ಟಿದರು.

ಆ ನೀರು ಎಲ್ಲಿಂದ ಬಂತು, ಯಾರು ಬಿಟ್ಟರು, ಏಕೆ ಬಿಟ್ಟರು ಎಂಬುದನ್ನು ಆ ಇಡೀ ದಿನ ಯಾರೂ ಹೇಳಲಿಲ್ಲ. ನಾನು ಹೇಳುತ್ತೇನೆ, ಏಕೆಂದರೆ ನನ್ನ ತಕರಾರಿನ ಬೇರು ಅಲ್ಲಿಯೇ ಇದೆ. ಕಾಳಿ 184 ಕಿಲೋಮೀಟರಿನ ನದಿ. ಜೋಯಿಡಾ ತಾಲ್ಲೂಕಿನ ದಿಗ್ಗಿಯ ಬಳಿ ಹುಟ್ಟಿ ಕಾರವಾರದಲ್ಲಿ ಕಡಲು ಸೇರುತ್ತದೆ. ಇಷ್ಟು ಗಿಡ್ಡ ನದಿಯ ಮೇಲೆ ಸುಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಎಂದು ಅಣೆಕಟ್ಟುಗಳ ಸಾಲೇ ಇದೆ. ಕದ್ರಾದ ಹಿನ್ನೀರಿನ ಬದಿಯಲ್ಲಿ ಕೈಗಾದ ಅಣುಸ್ಥಾವರವಿದೆ. ಸಾಲಿನಲ್ಲಿ ಮೊದಲನೆಯದು, ಎಲ್ಲಕ್ಕಿಂತ ದೊಡ್ಡದು, ಗಣೇಶಗುಡಿಯಲ್ಲಿ 101 ಮೀಟರ್ ಎತ್ತರಕ್ಕೆ ನಿಂತಿರುವ ಸುಪಾ ಅಣೆಕಟ್ಟು. ಅದರ ಬುಡದಲ್ಲಿ 100 ಮೆಗಾವಾಟಿನ ವಿದ್ಯುದಾಗಾರ. ಅಲ್ಲಿ ತಿರುಗಣಿ ತಿರುಗಿಸಿದ ನೀರು ದಾಂಡೇಲಿಯನ್ನು ದಾಟಿ ಕೆಳಗೆ ಬೊಮ್ಮನಹಳ್ಳಿಯಲ್ಲಿ ಮತ್ತೆ ನಿಂತು, ನಾಗಝರಿಯಲ್ಲಿ ಎಂಟುನೂರು ಮೆಗಾವಾಟಿಗೂ ಮಿಕ್ಕಿ ವಿದ್ಯುತ್ತನ್ನು ಕೊಡುತ್ತದೆ. ಬೇಸಗೆಯ ಕಾಳಿಗೆ ತನ್ನಷ್ಟಕ್ಕೆ ಇಷ್ಟು ಸೆಳವಿಲ್ಲ. ಎಲ್ಲೋ ದೂರದ ಊರುಗಳಲ್ಲಿ ಫ್ಯಾನು, ಏಸಿ, ಗಿರಣಿ, ಪಂಪು ಶುರುವಾದಾಗ ಸುಪಾದ ತಿರುಗಣಿಗಳು ತಿರುಗುತ್ತವೆ. ಆಗ ಗಣೇಶಗುಡಿಯಲ್ಲಿ ನದಿ ಹರಿಯುತ್ತದೆ. ಆ ಹರಿವಿನ ಮೇಲೆ ರಾಫ್ಟು ತೇಲುತ್ತದೆ. ನಮ್ಮ ಸಾಹಸವೆಂಬುದು ವಿದ್ಯುತ್ ಉತ್ಪಾದನೆಯ ಉಪೋತ್ಪನ್ನ.

ಆದರೂ ಅದು ಸಾಹಸವೇ. ನಾನು ಸುಳ್ಳು ಹೇಳಲಾರೆ. ನದಿಯ ಸೆಳವುಗಳನ್ನು 1ರಿಂದ 6ರವರೆಗೆ ಶ್ರೇಣಿ ಮಾಡುವ ಪದ್ಧತಿಯಿದೆಯಂತೆ. ಕಾಳಿಯ ಈ ಪಾತ್ರದಲ್ಲಿರುವುವು ಹೆಚ್ಚಾಗಿ 2 ಮತ್ತು 3. ಹಿಮಾಲಯದ ನದಿಗಳನ್ನು ಕಂಡವರಿಗೆ ಇದು ಮಕ್ಕಳಾಟವಿರಬಹುದು. ನನಗಂತೂ ಮೊದಲ ಸೆಳವಿನಲ್ಲಿ ಹೊಟ್ಟೆಯೊಳಗಿನ ಅವಲಕ್ಕಿ ಗಂಟಲಿಗೆ ಬಂತು. ಎರಡನೆಯದರಲ್ಲಿ ನಗು ಬಂತು. ಮೂರನೆಯದರ ಹೊತ್ತಿಗೆ, ಬ್ಯಾಂಕಿನಲ್ಲಿ ಅಧಿಕಾರಿಯಾಗಿರುವ ನಮ್ಮ ಖಜಾಂಚಿಯವರೂ, ಹನ್ನೊಂದನೆಯ ತರಗತಿಯ ಒಬ್ಬ ಹುಡುಗಿಯೂ, ನಾನೂ ಒಂದೇ ತಾಳಕ್ಕೆ ಹುಟ್ಟು ಹಾಕುತ್ತಿದ್ದೆವು. ರಾಫ್ಟಿನಲ್ಲಿ ಹಿರಿಯ ಕಿರಿಯರಿಲ್ಲ, ಅಧ್ಯಕ್ಷ ಉಪಾಧ್ಯಕ್ಷರಿಲ್ಲ. ಒಬ್ಬನು ಹುಟ್ಟು ಎತ್ತಿ ಹಿಡಿದು ಸುಮ್ಮನಾದರೆ ಎಲ್ಲರೂ ಸುತ್ತು ತಿರುಗುತ್ತಾರೆ. ನಮ್ಮ ಚುಕ್ಕಾಣಿಯವನು ಆ ಸೀಮೆಯವನೇ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಕಲಿತವನು. ಪುಣೆಯಲ್ಲಿ ಮನೆಯೊಳಗೆ ಕನ್ನಡ, ಹೊರಗೆ ಮರಾಠಿ ಆಡುವ ನಮ್ಮದೇ ಪಾಡು ತಲೆಕೆಳಗಾಗಿ ಅವನಲ್ಲಿ ಕಂಡಿತು. ನೀರಿನ ಮೇಲ್ಮೈಯ ಒಂದು ಸಣ್ಣ ಸುಕ್ಕನ್ನು ತೋರಿಸಿ, ಅದರ ಕೆಳಗೆ ಬಂಡೆಯಿದೆ ಎಂದ, ಇತ್ತು. ಅಂಥ ಓದು ನಮ್ಮಲ್ಲಿ ಯಾರಿಗೂ ಬರುವುದಿಲ್ಲ.

ರಾಫ್ಟಿನ ಧಂಧೆಯಲ್ಲಿ ಲೋಭವಿಲ್ಲವೆಂದೇನೂ ಅಲ್ಲ. 2022ರ ಏಪ್ರಿಲ್‌ನಲ್ಲಿ ಇದೇ ಗಣೇಶಗುಡಿಯ ಬಳಿ, ಮಿತಿ ಮೀರಿ ಜನರನ್ನು ಹತ್ತಿಸಿಕೊಂಡ ರಾಫ್ಟೊಂದು ಸೆಳವಿಗೆ ಸಿಲುಕಿ, ಇತರರು ಬಂದು ಪಾರುಮಾಡಬೇಕಾಯಿತು. ಆದರೆ ಗಮನಿಸಿ: ಅಲ್ಲಿ ತಪ್ಪು ಮಾಡಿದವನಿಗೆ ನದಿಯೇ ಕೂಡಲೆ ಲೆಕ್ಕ ಕೇಳುತ್ತದೆ. ಬಗ್ಗಿಗೆ ಆ ಅಂಜಿಕೆಯಿಲ್ಲ. ಅದರ ಲೆಕ್ಕ ಬೇರೆಯವರ ಖಾತೆಗೆ ಹೋಗುತ್ತದೆ.

ಈಗ ಮಧ್ಯಾಹ್ನದ ಕಥೆ. ನಮ್ಮೊಡನೆ ಖಡಕಿಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರಿದ್ದರು, ಎಪ್ಪತ್ತನಾಲ್ಕು ವರ್ಷ. ಅವರ ಹೆಸರು ಹಾಕಬಾರದೆಂದು ಅವರೇ ಹೇಳಿದ್ದಾರೆ. ಅವರು ರಾಫ್ಟಿಗೂ ಬಂದವರಲ್ಲ, ಬಗ್ಗಿಗೂ ಬಂದವರಲ್ಲ. ಪೂರ್ತಿ ಹಣ ಕಟ್ಟಿ ಬಂದದ್ದು ಸುತ್ತೋಲೆಯಲ್ಲಿ ಗಣೇಶಗುಡಿ ಎಂಬ ಹೆಸರಿತ್ತೆಂದು. ಅವರು ಸುಪಾದವರು. ಅಣೆಕಟ್ಟಿನ ಹೆಸರಲ್ಲ, ಊರಿನ ಹೆಸರು. ಕಾಳಿಯೂ ಪಾಂಡರಿಯೂ ಕೂಡುವಲ್ಲಿ ಸುಪಾ ಎಂಬ ಊರಿತ್ತು, ತಾಲ್ಲೂಕಿನ ಮುಖ್ಯ ಠಾಣ್ಯವಾಗಿತ್ತು. ಅವರ ತಂದೆ ಅಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದರು. 1980ರ ದಶಕದಲ್ಲಿ ಅಣೆಕಟ್ಟು ತುಂಬಿ ಊರು ಮುಳುಗಿತು. ತಾಲ್ಲೂಕಿಗೆ ಈಗ ಜೋಯಿಡಾ ಎಂಬ ಹೆಸರು. ಎದ್ದವರಲ್ಲಿ ಅನೇಕರನ್ನು ರಾಮನಗರದಲ್ಲಿ ನೆಲೆಗೊಳಿಸಿದರು. ಲೋಂಡಾದಿಂದ ಗಣೇಶಗುಡಿಗೆ ಹೋಗುವ ನಮ್ಮ ಬಸ್ಸು ಆ ರಾಮನಗರದ ನಡುವಿನಿಂದಲೇ ಹಾದು ಹೋಯಿತು. ಐದು ನಿಮಿಷ ನಿಲ್ಲಿಸಬಹುದೇ, ಚಿಕ್ಕಪ್ಪನ ಮಗನೊಬ್ಬ ಇಲ್ಲಿದ್ದಾನೆ ಎಂದು ಅವರು ಕೇಳಿದರು. ಕಾರ್ಯಕ್ರಮ ತಡವಾಗುತ್ತದೆ, ಬರುವಾಗ ನೋಡೋಣ ಎಂದರು. ಬರುವಾಗ ಕತ್ತಲಾಗಿತ್ತು, ಬಸ್ಸಿನಲ್ಲಿ ಅಂತ್ಯಾಕ್ಷರಿ ನಡೆದಿತ್ತು, ಹಿಂದಿ ಹಾಡುಗಳದ್ದು.

ಬೆಳಿಗ್ಗೆ ನಾವು ನೀರಿಗಾಗಿ ಕಾಯುತ್ತಿದ್ದಾಗ ಅವರು ನನ್ನ ಪಕ್ಕದಲ್ಲಿ ಬಂಡೆಯ ಮೇಲೆ ಕುಳಿತಿದ್ದರು. ನೀರು ಬಂದೊಡನೆ ಬಗ್ಗಿ ಕೈ ಅದ್ದಿದರು. ಏಪ್ರಿಲ್ ತಿಂಗಳ ಬಿಸಿಲು ನೆತ್ತಿಯ ಮೇಲಿದ್ದರೂ ನೀರು ಕೊರೆಯುತ್ತಿತ್ತು. ಜಲಾಶಯದ ಆಳದಿಂದ ಬರುವ ನೀರು ಹಾಗೆಯೇ. “ನಮ್ಮ ಅಂಗಡಿಯ ಮೇಲೆ ಈಗ ಎಷ್ಟು ನೀರು ನಿಂತಿರಬಹುದು?” ಎಂದು ಚುಕ್ಕಾಣಿಯ ಹುಡುಗನನ್ನು ಕೇಳಿದರು. ಅವನು, “ನಮ್ಮಜ್ಜಿ ಮನೆನೂ ಅಲ್ಲೇ ಅದೆ ಅಜ್ಜಾ” ಎಂದ. ನಮ್ಮ ತಂಡದಲ್ಲಿ ಆ ಮಾತು ಕೇಳಿಸಿಕೊಂಡವನು ನಾನೊಬ್ಬನೇ. ಉಳಿದವರು ರಾಫ್ಟಿನೊಂದಿಗೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಊಟವಾದ ಮೇಲೆ ಅವರು ಇನ್ನೊಂದು ಸಲ ಕೇಳಿದರು: ಹಿನ್ನೀರು ಕಾಣುವ ಒಂದು ಎತ್ತರದ ಜಾಗಕ್ಕೆ ಕರೆದೊಯ್ಯಬಹುದೇ? ವ್ಯವಸ್ಥಾಪಕರ ಉತ್ತರ, ಎರಡು ಗಂಟೆಗೆ ಬಗ್ಗಿ ಬುಕ್ ಆಗಿದೆ, ಬಿಟ್ಟರೆ ದುಡ್ಡು ವಾಪಸಿಲ್ಲ.

ಹೀಗೆ ನಾವು ಬಗ್ಗಿಗೆ ಹೋದೆವು. ಕಾಡಿನಂಚಿನ ಒಂದು ಇಳಿಜಾರು ಜಮೀನು. ಆರು ಯಂತ್ರಗಳು. ಒಂದು ಸರದಿಗೆ ಹನ್ನೆರಡು ಜನ, ಹದಿನೈದು ನಿಮಿಷದ ಓಟ. 80 ಜನರ ಸರದಿ ಮುಗಿಯಲು ಎರಡೂವರೆ ಗಂಟೆ ಹಿಡಿಯಿತು. ಅಂದರೆ ಒಬ್ಬೊಬ್ಬರೂ ಹದಿನೈದು ನಿಮಿಷ ಓಡಿಸಿ, ಎರಡು ಗಂಟೆಗೂ ಹೆಚ್ಚು ಕಾಲ ತಗಡಿನ ಚಪ್ಪರದಡಿ ಕೂತು ಪೆಟ್ರೋಲಿನ ಹೊಗೆ ಕುಡಿದೆವು. ಆ ಎರಡು ಗಂಟೆಯಲ್ಲಿ ರಾಮನಗರಕ್ಕೆ ಹೋಗಿಬರಬಹುದಾಗಿತ್ತು. ಹಿರಿಯರು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕರವಸ್ತ್ರವನ್ನು ಮೂಗಿಗೆ ಹಿಡಿದು ಕುಳಿತಿದ್ದರು.

ನನ್ನ ಸರದಿ ಬಂದಾಗ ನಾನೂ ಓಡಿಸಿದೆ. ಒಂದು ಸುತ್ತು ಹೊಡೆದಾಗಲೇ ತಿಳಿಯಿತು: ಈ ಆಟಕ್ಕೆ ಕಾಳಿಯೂ ಬೇಡ, ಕಾಡೂ ಬೇಡ, ಉತ್ತರ ಕನ್ನಡವೂ ಬೇಡ. ಪನವೇಲಿನ ಒಂದು ಖಾಲಿ ಸೈಟಿನಲ್ಲಿ ಆಡಬಹುದು. ಹಡಪಸರದಲ್ಲಿ ಹೊಸ ಕಟ್ಟಡ ಏಳುವ ಮೊದಲಿನ ನೆಲದಲ್ಲಿ ಆಡಬಹುದು. ಯಂತ್ರದ ಸದ್ದಿನಲ್ಲಿ ಪಕ್ಕದವರ ಮಾತೇ ಕೇಳಿಸದು, ಹಕ್ಕಿಯ ಮಾತು ಹಾಗಿರಲಿ. ಕಣ್ಣು ಗುಂಡಿಯ ಮೇಲೆ, ಕೈ ಚಕ್ರದ ಮೇಲೆ. ಎಡಕ್ಕಿದ್ದುದು ಮತ್ತಿಮರವೋ ನಂದಿಮರವೋ ಎಂದು ನೋಡಲು ಪುರಸೊತ್ತಿಲ್ಲ.

ಬಗ್ಗಿಯ ಹುಟ್ಟನ್ನು ಸ್ವಲ್ಪ ಕೆದಕಿ ನೋಡಿದೆ. 1964ರಲ್ಲಿ ಕ್ಯಾಲಿಫೋರ್ನಿಯಾದ ಬ್ರೂಸ್ ಮೇಯರ್ಸ್ ಎಂಬಾತ ಫೋಕ್ಸ್‌ವ್ಯಾಗನ್ ಕಾರಿನ ಭಾಗಗಳಿಗೆ ಫೈಬರ್ ಗ್ಲಾಸಿನ ಮೈ ತೊಡಿಸಿ, ಮರಳದಿಬ್ಬಗಳ ಮೇಲೆ ಓಡುವ ಹಗುರವಾದ ಗಾಡಿಯೊಂದನ್ನು ಮಾಡಿದ. ವೃತ್ತಿಯಿಂದ ಆತ ದೋಣಿ ಕಟ್ಟುವವನೆಂಬುದು ಒಂದು ಚೋದ್ಯ. ಕಡಲ ದಂಡೆಯ ಮರಳು ಇಂದು ಗಾಲಿಯ ಗೆರೆ ಬಿದ್ದರೆ ನಾಳೆ ಗಾಳಿಗೆ ಮುಚ್ಚಿಕೊಳ್ಳುತ್ತದೆ. ಸಹ್ಯಾದ್ರಿಯ ಕೆಮ್ಮಣ್ಣಿಗೆ ಆ ಗುಣವಿಲ್ಲ. ಎಲೆ ಉದುರಿ, ಕೊಳೆತು, ವರುಷ ವರುಷಕ್ಕೆ ಒಂದು ಕೂದಲೆಳೆಯಷ್ಟು ಕಟ್ಟಿಕೊಂಡ ಮೇಲ್ಮಣ್ಣನ್ನು ಹಲ್ಲುಗಾಲಿ ಹದಿನೈದು ನಿಮಿಷದಲ್ಲಿ ಕಿತ್ತು ಹಾಕುತ್ತದೆ. ಜೂನಿನಲ್ಲಿ ಆ ಸೀಮೆಯ ಮಳೆ ಹಿಡಿದಾಗ ಗಾಲಿ ಬಿಟ್ಟ ಗೀರುಗಳೇ ಕಾಲುವೆಗಳಾಗುತ್ತವೆ. ಕೆಂಪು ನೀರು ಹಳ್ಳಕ್ಕೆ, ಹಳ್ಳದಿಂದ ಕಾಳಿಗೆ. ಬೆಳಿಗ್ಗೆ ಯಾವ ನದಿಯನ್ನು ಹೊಗಳಿ ತೇಲಿದೆವೋ ಮಧ್ಯಾಹ್ನ ಅದಕ್ಕೇ ಕೆಸರು ಕಳಿಸುವ ವ್ಯವಸ್ಥೆಗೆ ನಾವು ಒಂದೇ ರಸೀದಿಯಲ್ಲಿ ಹಣ ಕಟ್ಟಿದ್ದೇವೆ.

ಹಕ್ಕಿಯ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ದಾಂಡೇಲಿ ಜೋಯಿಡಾ ಸೀಮೆಯು ಮಂಗಟ್ಟೆ ಹಕ್ಕಿಗಳಿಗೆ, ಎಂದರೆ ಹಾರ್ನ್‌ಬಿಲ್ಲುಗಳಿಗೆ, ಹೆಸರಾದದ್ದು. ಪಶ್ಚಿಮ ಘಟ್ಟದಲ್ಲಿ ಕಾಣುವ ನಾಲ್ಕು ಜಾತಿಗಳೂ ಅಲ್ಲಿವೆ. ಮಂಗಟ್ಟೆಯ ಹೆಣ್ಣು ಹಳೆಯ ಮರದ ಪೊಟರೆಯನ್ನು ಹೊಕ್ಕು, ಬಾಗಿಲನ್ನು ತಾನೇ ಮೆತ್ತಿಕೊಂಡು, ಒಂದು ಸೀಳಿನಷ್ಟು ಜಾಗ ಬಿಟ್ಟು, ವಾರಗಟ್ಟಲೆ ಒಳಗೇ ಇರುತ್ತದೆ. ಗಂಡು ಹಣ್ಣು ತಂದು ಆ ಸೀಳಿನಿಂದ ಉಣಿಸಬೇಕು. ಅದು ಅಂಜಿ ಬಾರದೆ ಹೋದರೆ ಒಳಗಿರುವ ತಾಯಿಮರಿಗಳಿಗೆ ಗತಿಯಿಲ್ಲ. ಈ ಬಾಣಂತನ ನಡೆಯುವುದು ಬೇಸಗೆಯಲ್ಲಿ. ನಮ್ಮ ಮಕ್ಕಳ ಶಾಲೆಗೆ ರಜೆ ಬರುವುದೂ, ಬಗ್ಗಿಗಳು ಗರ್ಜಿಸುವುದೂ ಆಗಲೇ. 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಲ್ಲಿ ಕಾಳಿಯ ಹೆಸರನ್ನೇ ಪಡೆದ ಕಾಡಿನ ಅಂಚು ಅದು. ಗಡಿಕಲ್ಲಿನ ಆಚೆ ನಿಶ್ಶಬ್ದ ಇರಬೇಕು, ಈಚೆ ಏನಾದರೂ ಆಗಬಹುದು ಎಂಬ ಕಾನೂನು ಹಕ್ಕಿಗೆ ತಿಳಿಯದು.

ಹಾಗಾದರೆ ಈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದೇಕೆ? ಕಾರಣ ಬಹಳ ಸರಳ. ನೀರು ಬಿಡುವ ಹೊತ್ತು ವ್ಯವಸ್ಥಾಪಕರ ಕೈಯಲ್ಲಿಲ್ಲ. ರಾಫ್ಟು ನೀರಿನಲ್ಲಿರುವುದು ಕೆಲವೇ ತಾಸು. ಇಡೀ ದಿನದ ಬೆಲೆ ಪಡೆದವರು ಇಡೀ ದಿನ ತುಂಬಬೇಕಲ್ಲ! ತುಂಬಲು ಅಗ್ಗದ ಸಾಮಾನು ಬೇಕು. ಈ ಜೋಡಿಯು ನಮ್ಮವರ ಕಲ್ಪನೆಯೂ ಅಲ್ಲ. ಟರ್ಕಿಯ ಅಂಟಾಲಿಯಾಕ್ಕೆ ಹೋಗಿಬಂದ ನಮ್ಮ ಸದಸ್ಯರೊಬ್ಬರು ಅಲ್ಲಿನ ಹಳೆಯ ಚೀಟಿಯೊಂದನ್ನು ತೋರಿಸಿದರು: ಬೆಳಿಗ್ಗೆ ಕೊಪ್ರುಚಾಯ್ ನದಿಯಲ್ಲಿ ರಾಫ್ಟಿಂಗ್, ಮಧ್ಯಾಹ್ನ ಬಗ್ಗಿ, ನಡುವೆ ಊಟ. ಅದೇ ಅಚ್ಚು. ಆ ಅಚ್ಚನ್ನು ಎಲ್ಲಿ ಒತ್ತಿದರೂ ಒಂದೇ ಆಕಾರದ ದಿನ ಬೀಳುತ್ತದೆ. ಅಂಥ ದಿನಕ್ಕೆ ‘ತಾಯ್ನಾಡ ದರ್ಶನ’ ಎಂದು ಹೆಸರಿಟ್ಟ ಸಂಘ ನಮ್ಮದು.

“ಸ್ಥಳೀಯರ ಹೊಟ್ಟೆಪಾಡಿನ ಮೇಲೆ ಕಲ್ಲು ಹಾಕುತ್ತೀರಾ?” ಎಂದು ಉಪಾಧ್ಯಕ್ಷರು ನನ್ನನ್ನು ಕೇಳಿದ್ದಾರೆ. ಗಂಭೀರವಾದ ಪ್ರಶ್ನೆ. ರಾಫ್ಟಿಗೆ ಒಬ್ಬೊಬ್ಬ ನುರಿತ ಚುಕ್ಕಾಣಿಯವನು ಬೇಕು, ಜೊತೆಗೆ ಕಯಾಕಿನಲ್ಲಿ ಕಾಯುವವನು ಬೇಕು; ಪ್ರಥಮ ಚಿಕಿತ್ಸೆ, ಮುಳುಗುವವನನ್ನು ಎತ್ತುವ ವಿದ್ಯೆ, ನೀರಿನ ಓದು, ಇವೆಲ್ಲ ಕಲಿತು ಬರುವ ಕಸುಬುಗಳು. ಕಲಿತವನು ನದಿಯ ಪಾಲಕನೂ ಆಗುತ್ತಾನೆ; ನದಿ ಕೆಟ್ಟರೆ ಅವನ ಅನ್ನ ಕೆಡುತ್ತದೆ. ನಾವು ಹೋದ ಬಗ್ಗಿಯ ಜಾಗದಲ್ಲಿ ಆರು ಯಂತ್ರಕ್ಕೆ ಇದ್ದವರು ಒಬ್ಬ ಮೆಕ್ಯಾನಿಕ್, ಒಬ್ಬ ಚೀಟಿ ಹರಿಯುವವ, ಗೇಟಿನಲ್ಲಿ ಒಬ್ಬ ಕಾವಲುಗಾರ. ಯಂತ್ರದ ಒಡೆಯ ಆ ಊರಿನವನಲ್ಲವೆಂದು ಕಾವಲುಗಾರನೇ ಹೇಳಿದ. ಹೊಟ್ಟೆಪಾಡಿನ ಮಾತನ್ನು ಆಡುವುದಾದರೆ, ಆ ತಾಲ್ಲೂಕಿನ ಕುಣಬಿಗಳು ಬೆಳೆಯುವ ಗೆಡ್ಡೆಗೆಣಸುಗಳು ನಾಡಿನಲ್ಲೆಲ್ಲ ಹೆಸರಾಗಿವೆ; ಜೋಯಿಡಾದಲ್ಲಿ ಅದಕ್ಕೆಂದೇ ಮೇಳ ನಡೆಯುತ್ತದೆ. ನಮಗೆ ಆ ಮಧ್ಯಾಹ್ನ ಬಡಿಸಿದ್ದು ಪನೀರ್ ಮಸಾಲಾ, ಜೀರಾ ರೈಸ್. ಪುಣೆಯಲ್ಲಿ ನಾವು ಪ್ರತಿ ಭಾನುವಾರ ತಿನ್ನುವುದು ಅದನ್ನೇ.

ರಾಫ್ಟಿಂಗನ್ನೂ ಅದರ ಬೆನ್ನಿಗೆ ಬರುವ ಗದ್ದಲವನ್ನೂ ಬೇರೆ ಮಾಡಿ ನೋಡಬೇಕೆನ್ನುವುದು ನನ್ನ ಹೊಸ ತರ್ಕವೇನಲ್ಲ. ದೆಹಲಿಯ ಕನ್ನಡಿಗ ಮಿತ್ರರು ಹೃಷೀಕೇಶವನ್ನು ಬಲ್ಲರು. 2015ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಗಂಗೆಯ ದಂಡೆಯ ಡೇರೆಗಳನ್ನು ತಡೆಯಿತು, ರಾಫ್ಟಿಂಗನ್ನು ತಡೆಯಲಿಲ್ಲ. ನೀರಿನ ಮೇಲೆ ತೇಲಿ ಹೋಗುವವನೂ ದಂಡೆಯಲ್ಲಿ ಬೀಡುಬಿಟ್ಟು ಹೊಲಸು ಮಾಡುವವನೂ ಒಂದೇ ಅಲ್ಲವೆಂದು ಅದಕ್ಕೆ ತಿಳಿದಿತ್ತು.

ಇನ್ನು ಕೆಲವರು, ಇಷ್ಟೆಲ್ಲ ರಗಳೆಯಾದರೆ ಕರ್ನಾಟಕದ ಉಸಾಬರಿಯೇ ಬೇಡ, ಇಲ್ಲೇ ಹತ್ತಿರದ ಕೋಲಾಡಿಗೆ ಹೋಗೋಣ ಎನ್ನುತ್ತಿದ್ದಾರೆ. ಹೋಗಬಹುದು. ಆದರೆ ಕೋಲಾಡಿನ ಕುಂಡಲಿಕಾ ನದಿಯಲ್ಲಿ ದಿನಾ ಬೆಳಿಗ್ಗೆ ರಾಫ್ಟು ತೇಲಿಸುವ ನೀರು ಯಾವುದೆಂದು ಅವರಿಗೆ ಗೊತ್ತೇ? ಅದು ಘಟ್ಟದ ಮೇಲಿನ ಮುಳಶಿ ಜಲಾಶಯದಿಂದ ಭೀರಾ ವಿದ್ಯುದಾಗಾರಕ್ಕೆ ಇಳಿದು ಬರುವ ನೀರು. ಮುಳಶಿಯ ರೈತರು ತಮ್ಮ ನೆಲ ಮುಳುಗುವುದರ ವಿರುದ್ಧ 1921ರಲ್ಲಿ ಸತ್ಯಾಗ್ರಹ ಹೂಡಿದರು. ಮುಂದಾಳತ್ವ ವಹಿಸಿದ ಪಾಂಡುರಂಗ ಮಹಾದೇವ ಬಾಪಟರು ಸೇನಾಪತಿ ಎಂಬ ಬಿರುದು ಪಡೆದರು. ಪುಣೆಯಲ್ಲಿ ಸೇನಾಪತಿ ಬಾಪಟ್ ರಸ್ತೆಯ ಮೇಲೆ ದಿನವೂ ಓಡಾಡುವ ನಮ್ಮಲ್ಲಿ ಎಷ್ಟು ಮಂದಿ ಆ ಹೆಸರಿನ ಹಿಂದಿನ ಮುಳುಗಡೆಯನ್ನು ನೆನೆದಿದ್ದೇವೆ? ಆದರೂ ಮಹಾರಾಷ್ಟ್ರದವರನ್ನು ಮೆಚ್ಚಬೇಕು. ಮುಳಶಿಗೆ ಅವರು ಒಂದು ರಸ್ತೆಯ ನೆನಪನ್ನಾದರೂ ಉಳಿಸಿದ್ದಾರೆ. ಶರಾವತಿಯ ಮುಳುಗಡೆಯನ್ನು ನಾ. ಡಿಸೋಜರ ಕಾದಂಬರಿಗಳಿಂದ ನಾವು ಬಲ್ಲೆವು. ಸುಪಾ ಎಂದರೆ ನಮ್ಮ ಸಂಘದಲ್ಲಿ ಅಣೆಕಟ್ಟು ಮಾತ್ರ.

ಇಲ್ಲೊಂದು ಕಹಿಯಾದ ಮಾತನ್ನು ಆಡಲೇಬೇಕಾಗಿದೆ. ರಾಜ್ಯಗಳ ಪುನರ್ವಿಂಗಡಣೆಯಾದ ಮೇಲೆ ಮಹಾರಾಷ್ಟ್ರವು ತನಗೆ ಬೇಕೆಂದು ಕೇಳಿದ ಪ್ರದೇಶಗಳ ಪಟ್ಟಿಯಲ್ಲಿ ಬೆಳಗಾವಿಯ ಜೊತೆ ಕಾರವಾರ, ಹಳಿಯಾಳ, ಸುಪಾಗಳೂ ಇದ್ದವು. 1967ರಲ್ಲಿ ಮಹಾಜನ ಆಯೋಗದ ವರದಿ ಬಂತು. 2004ರಲ್ಲಿ ವ್ಯಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಪುಣೆಯಲ್ಲಿ ಬಾಳುವ ಕನ್ನಡಿಗರಿಗೆ ಇದು ಪತ್ರಿಕೆಯ ಸುದ್ದಿಯಷ್ಟೇ ಅಲ್ಲ. ಊಟದ ಬಿಡುವಿನಲ್ಲಿ ಸಹೋದ್ಯೋಗಿಗಳೊಡನೆ ಆಡಿದ ಜಗಳ, ಕೆಲವೊಮ್ಮೆ ಕಲ್ಲು ಬಿದ್ದ ಕಿಟಕಿಯ ಗಾಜು. ಸುಪಾ ನಮ್ಮದು ಎಂದು ನಾನೂ ಮೇಜು ಗುದ್ದಿ ಹೇಳಿದವನೇ. ಆ ಜನ ರಾಮನಗರದಲ್ಲಿದ್ದಾರೆಂಬುದು ನನಗೆ ತಿಳಿದದ್ದು ಈ ಏಪ್ರಿಲ್‌ನಲ್ಲಿ, ಓಡುತ್ತಿದ್ದ ಬಸ್ಸಿನಲ್ಲಿ, ಪಕ್ಕದ ಸೀಟಿನವರು ಹೇಳಿದಾಗ. ನಕಾಶೆಯ ಮೇಲೆ ಒಂದು ಅಂಗುಲವನ್ನೂ ಬಿಟ್ಟುಕೊಡದ ನಾವು, ಆ ನೆಲಕ್ಕೆ ಕಾಲಿಟ್ಟಾಗ ಐದು ನಿಮಿಷ ಬಸ್ಸು ನಿಲ್ಲಿಸಲಿಲ್ಲ. ಸಮಿತಿಯ ಮೇಲೆ ಮಾತ್ರ ಇದನ್ನು ಹೊರಿಸಲಾರೆ. ನಿಲ್ಲಿಸಿರೆಂದು ಗಟ್ಟಿಯಾಗಿ ಕೂಗದವರಲ್ಲಿ ನಾನೂ ಒಬ್ಬ.

ಎಳೆಯರ ವಿಷಯ. ಅವರಿಗೆ ಮುಳುಗಡೆಯ ಕಥೆ ಬೇಡ, ಬಗ್ಗಿಯೇ ಬೇಕು ಎಂದು ಯಾರು ತೀರ್ಮಾನಿಸಿದರು? ಹನ್ನೊಂದನೆಯ ತರಗತಿಯ ಆ ಹುಡುಗಿಗೆ ಮರಳುವಾಗ ರೈಲಿನಲ್ಲಿ ನಾನು ಚುಕ್ಕಾಣಿಯ ಹುಡುಗನ ಅಜ್ಜಿಮನೆಯ ಮಾತು ಹೇಳಿದೆ. ಅವಳು ಎದ್ದು ಹೋಗಿ ಹಿರಿಯರ ಎದುರು ಕುಳಿತಳು. ಬೆಳಗಾವಿ ದಾಟಿ, ಘಟಪ್ರಭೆ ದಾಟಿದರೂ ಆ ಇಬ್ಬರ ಮಾತು ಮುಗಿದಿರಲಿಲ್ಲ. ಸಂತೆಯ ದಿನ ಯಾವುದು, ಶಾಲೆ ಎಲ್ಲಿತ್ತು, ಮನೆ ಬಿಡುವಾಗ ಏನೇನು ಹೊತ್ತು ತಂದರು ಎಂದು ಅವಳು ಕೇಳುತ್ತಿದ್ದಳು. ಅವರ ತಂದೆ ತಕ್ಕಡಿಯನ್ನು ತಂದರಂತೆ, ತೂಕದ ಕಲ್ಲುಗಳನ್ನು ಬಿಟ್ಟು ಬಂದರಂತೆ. ಅವಳ ಕನ್ನಡ ಅರೆಬರೆ. ಅವರಿಗೆ ಕಿವಿ ಮಂದ. ಆದರೂ ನಡೆಯಿತು.

ಆದುದರಿಂದ ಮಹಾಸಭೆಯಲ್ಲಿ ನಾನು ತಿದ್ದುಪಡಿಯೊಂದನ್ನು ಮಂಡಿಸುತ್ತಿದ್ದೇನೆ. ರಾಫ್ಟಿಂಗ್ ಇರಲಿ, ಸರಿಯಾದ ಸಂಖ್ಯೆಯಲ್ಲಿ, ಪರವಾನಗಿ ಇರುವವರೊಡನೆ, ನುರಿತ ಚುಕ್ಕಾಣಿಯವನಿಗೆ ಸಂಘದ ಕಡೆಯಿಂದ ಬೇರೆಯಾಗಿ ಗೌರವಧನ ಕೊಟ್ಟು. ಬಗ್ಗಿ ಬೇಡ. ಅದಕ್ಕೆ ಕಟ್ಟುವ ಹಣದಲ್ಲಿ ಮಧ್ಯಾಹ್ನದ ಊಟವನ್ನು ತಾಲ್ಲೂಕಿನ ಮನೆಗಳಿಂದಲೇ ಮಾಡಿಸೋಣ, ಗೆಡ್ಡೆಗೆಣಸಿನದ್ದೇ ಆಗಲಿ. ಉಳಿದ ಎರಡೂವರೆ ಗಂಟೆಯನ್ನು ರಾಮನಗರದಲ್ಲಿಯೂ ಹಿನ್ನೀರು ಕಾಣುವ ಜಾಗದಲ್ಲಿಯೂ ಕಳೆಯೋಣ. ಭಾಷಣ ಬೇಡ, ಶಾಲು ಹಾರ ಬೇಡ, ಫಲಕ ಬೇಡ. ಅಲ್ಲಿಯವರು ಮಾತಾಡಿದರೆ ಕೇಳೋಣ. ಆಡದಿದ್ದರೆ ಚಹಾ ಕುಡಿದು ಬರೋಣ. ಇದರಿಂದ ಒಂದು ಬಸ್ಸಿನಷ್ಟು ಜನ ಕಡಿಮೆಯಾದರೆ ಆಗಲಿ ಎನ್ನುವ ಧೈರ್ಯ ಸಮಿತಿಗೆ ಇದೆಯೇ ಎಂಬುದನ್ನು ಮಹಾಸಭೆಯ ದಿನ ನೋಡೋಣ.

ತಿದ್ದುಪಡಿಗೆ ಅನುಮೋದಕರು ಬೇಕೆಂದು ಖಡಕಿಗೆ ಹೋಗಿದ್ದೆ. ಹಿರಿಯರು ಎರಡು ಸಲ ಓದಿ ಸಹಿ ಹಾಕಿದರು. ಕೊಡುವ ಮುನ್ನ ಕಾಗದವನ್ನು ಮತ್ತೆ ತೆಗೆದುಕೊಂಡು, ‘ರಾಮನಗರದಲ್ಲಿ’ ಎಂಬಲ್ಲಿ ನಾನು ಬರೆದಿದ್ದ ‘ಮರಳುವಾಗ’ ಎಂಬ ಮಾತನ್ನು ಹೊಡೆದು ಹಾಕಿ, ‘ಹೋಗುವಾಗಲೇ’ ಎಂದು ಬರೆದರು.